ಶಿಲವ್ವನನ್ನು ಕೊಂದವನು

ವಾಡಿ ಜಂಕ್ಷನ್ನಿನ ಹತ್ತಿರ ಶೌಕತ ಅಲಿಯವರ ಟೇಲರಿಂಗ್ ಅಂಗಡಿ ಇದೆ. ಅಲ್ಲಿಯ ಬಟ್ಟೆ ಕತ್ತರಿಸುವ ಮೇಜು ಒಬ್ಬ ಆಳು ಕಾಲು ಚಾಚಿ ಮಲಗುವಷ್ಟು ಉದ್ದ. ವಾರವೆಲ್ಲ ಅದರ ಮೇಲೆ ಅಂಗಿ, ಪೈಜಾಮ, ಶಾಲೆ ಮಕ್ಕಳ ಸಮವಸ್ತ್ರದ ಬಟ್ಟೆ ಹರಡಿರುತ್ತದೆ. ಭಾನುವಾರ ಮಧ್ಯಾಹ್ನ ಮಾತ್ರ ಅದೇ ಮೇಜಿನ ಮೇಲೆ ಕೋಟೆ, ಹೊಳೆ, ಹಾಳು ಬಿದ್ದ ಊರು ಎದ್ದು ನಿಲ್ಲುತ್ತವೆ. ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದಲೇ ಅವನ್ನೆಲ್ಲ ಬರೆಯುತ್ತಾರೆ. ಸಂಜೆ ಒದ್ದೆ ಬಟ್ಟೆಯಿಂದ ಒರೆಸಿದರೆ ಹೊಳೆಯೂ ಇಲ್ಲ, ಕೋಟೆಯೂ ಇಲ್ಲ.

ಆ ಮೇಜಿನ ತಲೆಯ ಕಡೆ ಕೂರುವವಳು ಲುಂಬಿನಿ. ಶಹಾಬಾದಿನವಳು. ಅಲ್ಲಿಯ ಒಂದು ಖಾಸಗಿ ರಕ್ತಪರೀಕ್ಷೆ ಕೇಂದ್ರದಲ್ಲಿ ಕೆಲಸಕ್ಕಿದ್ದಾಳೆ. ಬೆಳಗಾದರೆ ಜನರ ಕೈ ಹಿಡಿದು, ನರ ಹುಡುಕಿ, ರಕ್ತ ತೆಗೆಯುವುದು ಅವಳ ಕಸುಬು. ಅವಳ ಸೂಜಿಗೆ ಯಾರೂ ಹೆದರುವುದಿಲ್ಲ. ಮೊದಲು ಮಾತಾಡಿಸುತ್ತಾಳೆ, ಊರು ಕೇಳುತ್ತಾಳೆ, ಮೊಮ್ಮಕ್ಕಳ ಹೆಸರು ಕೇಳುತ್ತಾಳೆ. ಎದುರಿಗಿದ್ದವರು ಉತ್ತರ ಹೇಳುವಷ್ಟರಲ್ಲಿ ಸೂಜಿ ಒಳಗೆ ಹೋಗಿರುತ್ತದೆ.

ಇವರು ಆಡುವ ಆಟಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದೆ. ವಾಡಿಯಲ್ಲಿ ಅದು ‘ಕಥಿ ಆಟ’. ಒಬ್ಬರು ಕಥೆ ನಡೆಸುತ್ತಾರೆ. ಅವರಿಗೆ ಮಾಸ್ಟರ್ ಎನ್ನುತ್ತಾರೆ. ಉಳಿದವರು ತಲೆಗೊಂದು ಪಾತ್ರ ಕಟ್ಟಿಕೊಂಡು ಅದರೊಳಗೆ ಸೇರುತ್ತಾರೆ. “ಮುಂದೆ ಬಾಗಿಲು ಹಾಕಿದ ಕೋಟೆ ಇದೆ, ಏನು ಮಾಡುತ್ತೀರಿ?” ಎಂದು ಮಾಸ್ಟರ್ ಕೇಳಬೇಕು. ಗೋಡೆ ಹತ್ತುತ್ತೇನೆ ಎಂದರೆ ಹತ್ತಿದಿರೋ ಬಿದ್ದಿರೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಗೆದ್ದವರು ಸೋತವರು ಎಂಬ ಲೆಕ್ಕವಿಲ್ಲ. ಕಥೆ ಮುಂದೆ ಹೋಗುತ್ತದೆ, ಅಷ್ಟೆ. ಆದರೆ ತಿಂಗಳುಗಟ್ಟಲೆ ಆಡಿದ ಮೇಲೆ ಆ ಪಾತ್ರ ಮನೆಯ ಮಂದಿಯಂತೆ ಆಗಿಬಿಡುತ್ತದೆ. ಅದಕ್ಕೆ ಗಾಯವಾದರೆ ಆಡುವವರಿಗೆ ಅವತ್ತು ಊಟ ಸೇರುವುದಿಲ್ಲ.

ಸೇಡಂ, ಚಿತ್ತಾಪುರ, ಶಹಾಬಾದ್, ಎಲ್ಲ ಕಡೆಯ ರೈಲೂ ವಾಡಿಗೆ ಬರುವುದರಿಂದ ಆಡುವವರು ಇಲ್ಲಿ ಸೇರುತ್ತಾರೆ. ಚಿತ್ತಾಪುರದ ಔಷಧಿ ಅಂಗಡಿಯ ಸಮ್ರೀನ್ ಶೌಕತ ಅಲಿಯವರ ತಂಗಿಯ ಮಗಳು. ಮೇಜು ಸಿಕ್ಕಿದ್ದು ಅವಳಿಂದ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿರುವ ದೇವಿಂದ್ರ ಚಿಂಚೋಳಿ ತಾಲೂಕಿನ ಚಿಮ್ಮನಚೋಡದಿಂದ ಸೇಡಂವರೆಗೆ ಬಸ್ಸಿನಲ್ಲಿ, ಅಲ್ಲಿಂದ ರೈಲಿನಲ್ಲಿ ಬರುತ್ತಾನೆ. ಹೊಸಬರು ಬಂದು ಹೋಗುತ್ತಿರುತ್ತಾರೆ. ಕಥೆ ನಡೆಸುವುದು ಹೇಗೆಂದು ಕಲಿಯಬೇಕಾದವರಿಗೆ ಈ ಭಾಗದಲ್ಲೆಲ್ಲ ಲುಂಬಿನಿಯೇ ಗುರು.

ಇಷ್ಟು ಚೆನ್ನಾಗಿ ಕಥೆ ನಡೆಸುವುದನ್ನು ಅವಳು ಎಲ್ಲಿ ಕಲಿತಳು ಎಂದು ಹೊಸಬರು ಕೇಳುತ್ತಾರೆ. ಸೇಡಂನಲ್ಲಿ ಕಲಿತೆ ಎನ್ನುತ್ತಾಳೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಸೇಡಂನಲ್ಲಿ ಮೊದಲು ಈ ಆಟ ತಂದವನು ಸಂತೋಷಕುಮಾರ. ಅವನ ತಂದೆ ರೇವಣಪ್ಪನವರದು ತೊಗರಿಬೇಳೆಯ ಮಿಲ್ಲು. ಮಿಲ್ಲಿನ ಮೇಲಿನ ಕೋಣೆಯಲ್ಲಿ ಮೇಜು ಹಾಕಿ, ಫೋನಿನಲ್ಲಿ ನೋಡಿ ಕಲಿತ ಆಟವನ್ನು ಅವನು ನಾಲ್ಕು ಜನರಿಗೆ ಕಲಿಸಿದ. ಲುಂಬಿನಿ, ಸಮ್ರೀನ್, ದೇವಿಂದ್ರ ಮೂವರೂ ಅಲ್ಲಿ ಕಲಿತವರೇ. ಸಂತೋಷಕುಮಾರ ದನಿ ಏರಿಸಿ ಇಳಿಸಿ ಕಥೆ ಹೇಳಿದರೆ ಕೆಳಗೆ ಮಿಲ್ಲಿನ ಹಮಾಲರೂ ಮೆಟ್ಟಿಲ ಮೇಲೆ ಬಂದು ನಿಂತು ಕೇಳುತ್ತಿದ್ದರು. ಅದನ್ನು ಲುಂಬಿನಿ ಇವತ್ತಿಗೂ ಇಲ್ಲವೆನ್ನುವುದಿಲ್ಲ.

ಅವಳು ಅಲ್ಲಿ ಕಟ್ಟಿಕೊಂಡ ಪಾತ್ರದ ಹೆಸರು ಶಿಲವ್ವ. ಕಲ್ಲು ಒಡೆಯುವ ಹೆಣ್ಣು. ಕಲ್ಲಿಗೆ ಕಿವಿ ಹಚ್ಚಿ, ಸಣ್ಣಗೆ ಬಡಿದು, ಅದು ಎಲ್ಲಿ ಸೀಳುತ್ತದೆಂದು ಹೇಳುವವಳು. ಆ ವಿದ್ಯೆ ಲುಂಬಿನಿಯ ತಂದೆ ಜಗದೇವಪ್ಪನದು. ಅವನು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಂದು ಖಣಿಯಲ್ಲಿ ದುಡಿಯುತ್ತಿದ್ದ. ಮಗಳು ಮನೆಗೆ ಬಂದು ಶಿಲವ್ವನ ಸಾಹಸ ಹೇಳಿದರೆ, “ಅಲ್ಲಿ ಆಕಿ ಹಾರಿಯಿಂದ ಎಬ್ಬಸಬಾರದಿತ್ತವ್ವ, ಮೊದಲ ಬೆಣಿ ಬಡೀಬೇಕಿತ್ತು” ಎಂದು ತಿದ್ದುತ್ತಿದ್ದ. ಮುಂದಿನ ವಾರ ಶಿಲವ್ವ ಬೆಣೆ ಬಡಿಯುತ್ತಿದ್ದಳು. ಆ ಪಾತ್ರವನ್ನು ಅಪ್ಪ ಮಗಳು ಕೂಡಿಯೇ ಆಡಿದರು ಎನ್ನಬೇಕು.

ಒಂದು ಭಾನುವಾರ ಮುಂಜಾನೆ ಖಣಿಯಲ್ಲಿ ಕಲ್ಲು ಜಾರಿ ಜಗದೇವಪ್ಪ ಅದರ ಕೆಳಗೆ ಸಿಕ್ಕಿಕೊಂಡ. ಲುಂಬಿನಿ ಆಸ್ಪತ್ರೆಗೆ ಓಡುತ್ತ ಸಮ್ರೀನ್‌ಗೆ ಫೋನು ಮಾಡಿದಳು. ಸಮ್ರೀನ್ ಸಂತೋಷಕುಮಾರನಿಗೆ ಫೋನು ಮಾಡಿ, ಲುಂಬಿನಿಯ ಅಪ್ಪ ಕಲ್ಲಿನ ಕೆಳಗೆ ಸಿಕ್ಕಿದ್ದಾನೆ, ಅವಳೂ ಇಲ್ಲ ನಾನೂ ಇಲ್ಲ ಎಂದು ಹೇಳಿ ಆಸ್ಪತ್ರೆಗೆ ಹೋದಳು. ಜಗದೇವಪ್ಪ ಉಳಿಯಲಿಲ್ಲ.

ಎಲ್ಲ ಕಾರ್ಯ ಮುಗಿದು ಲುಂಬಿನಿ ಮತ್ತೆ ಸೇಡಂಗೆ ಹೋದಳು. ಮನೆಯಲ್ಲಿ ಕೂತರೆ ಉಸಿರು ಕಟ್ಟುತ್ತಿತ್ತು. ಶಿಲವ್ವನೊಳಗೆ ಒಂದು ಮಧ್ಯಾಹ್ನ ಕಳೆದರೆ ಅಪ್ಪನ ಹತ್ತಿರ ಕೂತಂತಾಗುತ್ತದೆ ಎಂದುಕೊಂಡಿದ್ದಳು. ಅವಳು ಕೂರುತ್ತಲೇ ಸಂತೋಷಕುಮಾರ ನಗುತ್ತ, “ಹೊಸಾ ಪಾತ್ರ ಕಟ್ಟಬೇಕು ನೋಡು. ನಿನ್ನ ಶಿಲವ್ವ ಹೋದ್ಲು. ಕಲ್ಲ ಒಡೆಯೋಕಿ ಕಲ್ಲಿನ ಕೆಳಗೇ ಸಿಕ್ಕಳು. ಭಾಳ ಛಲೋ ಸೀನ್ ಆಯ್ತು, ನೀ ಇರಬೇಕಿತ್ತು” ಎಂದ.

ಬಾರದವರ ಪಾತ್ರ ಮಲಗಿರುತ್ತದೆ, ಅದನ್ನು ಯಾರೂ ಮುಟ್ಟಬಾರದು ಎಂಬುದು ಆ ಮೇಜಿನಲ್ಲಿ ಅವನೇ ಮಾಡಿದ ಕಟ್ಟಳೆ. ಸಮ್ರೀನ್ ಎದ್ದು ನಿಂತು, “ನಾ ಆವತ್ತ ಮುಂಜಾನೆನೇ ಹೇಳಿದ್ನಲ್ಲ ನಿಮಗ, ಆಕಿ ಅಪ್ಪಂದು” ಎಂದಳು. ಅವನು ಕಣ್ಣು ಮಿಟುಕಿಸದೆ, “ನೀ ಎಲ್ಲಿ ಹೇಳಿದಿ? ನನಗ ಯಾವ ಫೋನೂ ಬಂದಿಲ್ಲ. ಗೊತ್ತಿದ್ರ ಮಾಡ್ತಿದ್ನೇನು?” ಎಂದ. ದೇವಿಂದ್ರ ಒಮ್ಮೆ ಸಮ್ರೀನ್ ಮುಖ ನೋಡಿದ, ಒಮ್ಮೆ ಅವನ ಮುಖ ನೋಡಿದ. ಮಾಸ್ಟರ್ ಹೇಳಿದ್ದೇ ಖರೆಯಿರಬೇಕು ಎಂಬಂತೆ ಸುಮ್ಮನಾದ. ಸಮ್ರೀನ್ ಅತ್ತುಬಿಟ್ಟಳು. ಲುಂಬಿನಿ ಅಳಲಿಲ್ಲ. ತನ್ನ ದಾಳ ಎತ್ತಿಕೊಂಡು ಮೆಟ್ಟಿಲಿಳಿದಳು.

ಆವತ್ತಿನಿಂದ ಅವಳಿಗೆ ಬೇಕಾದದ್ದು ಒಂದೇ. ‘ಗೊತ್ತಿತ್ತು, ಗೊತ್ತಿದ್ದೇ ಮಾಡಿದೆ’ ಎಂದು ಸಂತೋಷಕುಮಾರ ತನ್ನ ಬಾಯಿಂದ ಹೇಳಬೇಕು. ಅದೂ ಇದೇ ಸಮ್ರೀನ್, ಇದೇ ದೇವಿಂದ್ರನ ಮುಂದೆ.

ವಾಡಿಯ ಮೇಜು ಶುರುವಾದದ್ದು ಹೀಗೆ. ಮೊದಲು ಸಮ್ರೀನ್ ಬಂದಳು, ಆಮೇಲೆ ದೇವಿಂದ್ರ. “ನಾ ಆವತ್ತ ಸುಮ್ನ ಕುಂತಿದ್ದು ತಪ್ಪ ಆಯ್ತು, ತಂಗಿ” ಎಂದ. “ಕುಂದ್ರು ದೇವಿಂದ್ರಣ್ಣ, ಚಾ ಕುಡಿ” ಎಂದಳು ಲುಂಬಿನಿ. ಒಬ್ಬೊಬ್ಬರಾಗಿ ಮಂದಿ ವಾಡಿಗೆ ಇಳಿದಂತೆ ಸೇಡಂನ ಮೇಲಿನ ಕೋಣೆಯಲ್ಲಿ ಕುರ್ಚಿಗಳು ಬರಿದಾದವು. ಅದು ಸೇಡಿನ ಅರ್ಧ ಪಾಲು ಎಂದು ಲುಂಬಿನಿ ಒಳಗೊಳಗೇ ಹೇಳಿಕೊಂಡಳು.

ಹೊಸ ಮಾಸ್ಟರ್‌ಗಳಿಗೆ ಅವಳು ಕಲಿಸುವ ಪಾಠವನ್ನು ಕೇಳಿದರೆ ಒಳ್ಳೆಯ ಮನಸ್ಸಿನ ಹೆಣ್ಣುಮಗಳು ಅನ್ನಿಸುತ್ತದೆ. ಯಾರು ಮೆತ್ತಗೆ ಮಾತಾಡುತ್ತಾರೋ ಅವರನ್ನು ಮೊದಲು ಕೇಳಿ ಎನ್ನುತ್ತಾಳೆ. ನಿಮ್ಮ ಕಥೆ ಎಷ್ಟೇ ಚೆಂದವಿರಲಿ, ಆಡುವವರು ಬೇರೆ ದಾರಿ ಹಿಡಿದರೆ ಬಿಟ್ಟುಬಿಡಿ. ಅವರನ್ನು ಎಳೆದು ತಂದು ನಿಮ್ಮ ಕಥೆಗೆ ಕಟ್ಟಬೇಡಿ. ದಾಳವನ್ನು ಎಲ್ಲರಿಗೂ ಕಾಣುವಂತೆ ಉರುಳಿಸಿ. ಒಬ್ಬರ ಮನೆಯ ನೋವು ಗೊತ್ತಿದ್ದರೆ ಅದು ಮೇಜಿನ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಈ ಮಾತುಗಳಲ್ಲಿ ಒಂದೊಂದೂ ಸಂತೋಷಕುಮಾರ ಮಾಡಿದ ಒಂದೊಂದು ಕೆಲಸವನ್ನು ತಿರುಗಿಸಿ ಹೇಳಿದ್ದು. ಹೊಸಬರು ತಲೆಯಾಡಿಸುತ್ತಾರೆ. ತಾವು ಒಬ್ಬನ ಮೇಲಿನ ದೂರನ್ನು ಪಾಠವೆಂದು ಕಲಿಯುತ್ತಿದ್ದೇವೆಂದು ಅವರಿಗೆ ಹೊಳೆಯುವುದಿಲ್ಲ.

ಒಂದು ಪದ್ಧತಿ ಮಾತ್ರ ವಾಡಿಯಲ್ಲೇ ಹುಟ್ಟಿದ್ದು. ಪಾತ್ರ ಯಾರಿಗಾದರೂ ಮಾತು ಕೊಟ್ಟರೆ ಅದನ್ನು ಸುಣ್ಣದ ಬಿಲ್ಲೆಯಿಂದ ಮೇಜಿನ ಅಂಚಿಗೆ ಬರೆಯುತ್ತಾರೆ. ಕೆಳಗೆ ಆಡುವವರು ತಮ್ಮ ಸ್ವಂತ ಹೆಸರು ಹಾಕಬೇಕು. ಪಾತ್ರದ ಮಾತಿಗೆ ಮನುಷ್ಯ ಜಾಮೀನು. ಮಾತು ನಡೆಸುವ ತನಕ ಅದನ್ನು ಒರೆಸುವಂತಿಲ್ಲ. ಶೌಕತ ಅಲಿ ಕೂಡ ವಾರವೆಲ್ಲ ಆ ಅಂಚಿಗೆ ಬಟ್ಟೆ ತಾಗದಂತೆ ಕತ್ತರಿಸುತ್ತಾರೆ. “ನಮ್ಮ ಗಿರಾಕಿಗೋಳು ಹಿಂಗ ಬರದ ಕೊಟ್ಟಿದ್ರ ನಾ ಇಷ್ಟೊತ್ತಿಗಿ ಕಲಬುರಗಿದಾಗ ಶೋರೂಮ್ ಇಡ್ತಿದ್ದೆ” ಎಂದು ನಗುತ್ತಾರೆ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಸಂತೋಷಕುಮಾರ ತಾನಾಗಿಯೇ ವಾಡಿಗೆ ಬಂದ. ಜೊತೆಗೆ ಶಿವಗಂಗಾ ಎಂಬ ಶಿಕ್ಷಕಿ. ಸೇಡಂನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಅವಳಿಗೆ ಮತ್ತು ಅವಳ ಗೆಳತಿಯರಿಗೆ ಸೇಡಂನಲ್ಲಿ ಮತ್ತೆ ಮೇಜು ಶುರುವಾಗಬೇಕಿತ್ತು. ಸಂತೋಷಕುಮಾರ ಮಾಸ್ಟರ್ ಆಗುವುದೆಂದು ಮಾತಾಗಿತ್ತು. ಆದರೆ ಹಿಂದಿನ ಮೇಜು ಯಾಕೆ ಮುರಿಯಿತು ಎಂಬುದು ಅವನಿಗೆ ತಿಳಿದಿರಲಿಲ್ಲ.

“ಮಂದಿ ನಿನ್ನ ಕಡೀಗೇ ಯಾಕ ಬರ್ತಾರ ಅಂತ ನೋಡಬೇಕಾಗ್ಯದ” ಎಂದ ಅವನು, ಸೋತವನ ನಗೆ ನಕ್ಕು. “ನಾಲ್ಕ ತಿಂಗಳು ನಿನ್ನ ಕೈಯಾಗ ಆಡ್ತೀನಿ. ಕಲಸ್ತಿ?”

“ಬರ್ರಿ, ಕುಂದ್ರಿ” ಎಂದಳು ಲುಂಬಿನಿ. ಹಿಂದೆ ‘ಸಂತೋಷಣ್ಣ’ ಎನ್ನುತ್ತಿದ್ದಳು. ಈಗ ಹೆಸರೇ ಹಿಡಿಯಲಿಲ್ಲ.

ಆ ಸಂಜೆ ಮನೆಯಲ್ಲಿ ಅವಳ ತಾಯಿ ಅನಸುಬಾಯಿ ರೊಟ್ಟಿ ಬಡಿಯುತ್ತಿದ್ದಳು. ಮಗಳು ಗುನುಗುತ್ತಿರುವುದನ್ನು ಕೇಳಿ ಕೈ ನಿಲ್ಲಿಸಿದಳು.

“ಏನಾಗ್ಯದ ನಿನಗ ಇವತ್ತ?”

“ಸೇಡಂದವ ಬಂದಿದ್ದ.”

ಅನಸುಬಾಯಿಗೆ ಆಟ ತಿಳಿಯದು, ನಡೆದದ್ದು ತಿಳಿದಿತ್ತು. ಹಿಟ್ಟು ತಟ್ಟುತ್ತ ಹೇಳಿದಳು. “ನಿಮ್ಮಪ್ಪನ ಕಲ್ಲಿನ ಕೆಳಗ ನಿಲ್ಲಿಸಿದಂವ ಖಣಿ ಮಾಲಕ. ಅವನ ಮ್ಯಾಲ ಒಂದ್ ಮಾತ ಎತ್ತಲಿಲ್ಲ ನಾವು. ಆಟದಾಗ ನಕ್ಕಂವನ ಮ್ಯಾಲ ಇಷ್ಟ ಸಿಟ್ಟ ಇಟ್ಟೀ.”

“ಮಾಲಕ ನನ್ನ ಮೇಜಿಗಿ ಬರಂಗಿಲ್ಲವ್ವ. ಇಂವ ಬಂದಾನ.”

ಅನಸುಬಾಯಿ ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಸಂತೋಷಕುಮಾರ ತನ್ನ ಹಳೆಯ ಮೆಚ್ಚಿನ ಪಾತ್ರವನ್ನೇ ತಂದಿದ್ದ. ರಣಮಲ್ಲ ಎಂಬ ವೀರ. ಕುದುರೆ, ಕತ್ತಿ, ದೊಡ್ಡ ಮಾತು. ಬಂದ ದಿನವೇ ಅವನನ್ನು ಕಂದಕಕ್ಕೆ ಬೀಳಿಸುವುದು ಲುಂಬಿನಿಗೆ ಕಷ್ಟವಿರಲಿಲ್ಲ. ಆದರೆ ಹಾಗೆ ಬೀಳಿಸಿದರೆ ಅವನು ನಕ್ಕು ಇನ್ನೊಂದು ಪಾತ್ರ ಕಟ್ಟಿಕೊಳ್ಳುತ್ತಿದ್ದ. ನೋವಾಗುವುದಿಲ್ಲ, ಬಾಯಿ ತೆರೆಯುವುದಿಲ್ಲ. ಆದ್ದರಿಂದ ಅವಳು ರಣಮಲ್ಲನನ್ನು ಸಾಕಿದಳು. ಅವನಿಗೊಬ್ಬ ಕುರುಡಿ ತಾಯಿಯನ್ನು ಕೊಟ್ಟಳು. ತಾಯಿಗೊಂದು ಊರು ಕೊಟ್ಟಳು. ಆ ಊರಿನ ಅಗಸಿ ಬಾಗಿಲಲ್ಲಿ ಅವನನ್ನು ಕಂಡರೆ ಎದ್ದು ನಿಲ್ಲುವ ಜನರನ್ನು ಕೊಟ್ಟಳು. ನ್ಯಾಯ ಬೇಕಾದವರೆಲ್ಲ ರಣಮಲ್ಲನ ಹತ್ತಿರ ಬಂದರು. ಸಂತೋಷಕುಮಾರ ವಾರವಾರ ಹಿಗ್ಗಿದ. ಬರುವಾಗ ಎಲ್ಲರಿಗೂ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರತೊಡಗಿದ. “ಇಂಥ ಮಾಸ್ಟರ್ ನನಗ ಯಾರೂ ಸಿಕ್ಕಿರಲಿಲ್ಲ” ಎಂದು ಶಿವಗಂಗಾಗೆ ಹೇಳಿದ. ಆ ಮಾತು ಲುಂಬಿನಿಯ ಕಿವಿಗೂ ಬಿತ್ತು. ಭಜಿಯನ್ನು ಅವಳು ಮುಟ್ಟಲಿಲ್ಲ.

ಚಳಿ ಬಿದ್ದ ಮೇಲೆ ಒಂದು ಭಾನುವಾರ ರಣಮಲ್ಲ ಮತ್ತು ಅವನ ಜೊತೆಗಾರರು ಒಂದು ಹೊಸ ಊರಿಗೆ ಬಂದರು. ಲುಂಬಿನಿ ಸುಣ್ಣದ ಬಿಲ್ಲೆಯಿಂದ ಮೇಜಿನ ನಡುವೆ ಒಂದು ಖಣಿ ಬರೆದಳು.

“ಖಣಿಯ ತಳದಲ್ಲಿ ಒಂದು ಹೆಣ್ಣು ಸತ್ತು ಬಿದ್ದಾಳೆ. ಮೈಮೇಲೆ ಬಂಡೆ. ಊರವರು ಅವಳ ಹೆಸರು ಶಿಲವ್ವ ಎನ್ನುತ್ತಾರೆ.”

ಸಮ್ರೀನ್ ಥಟ್ಟನೆ ತಲೆಯೆತ್ತಿದಳು. ದೇವಿಂದ್ರನ ಕೈಯಲ್ಲಿದ್ದ ದಾಳ ಹಾಗೆಯೇ ನಿಂತಿತು. ಲುಂಬಿನಿ ಸಂತೋಷಕುಮಾರನ ಮುಖವನ್ನೇ ನೋಡುತ್ತಿದ್ದಳು.

“ಛಲೋ ಹೆಸರದ” ಎಂದ ಅವನು. “ರಣಮಲ್ಲ ಕುದುರಿ ಇಳಿದು ಹತ್ರ ಹೋಗ್ತಾನ.”

ಮರೆತಿದ್ದ. ಸುಳ್ಳು ಹೇಳಿದ್ದು ಹೋಗಲಿ, ಕೊಂದದ್ದು ಹೋಗಲಿ, ಹೆಸರನ್ನೇ ಮರೆತಿದ್ದ. ಅಲ್ಲಿಯವರೆಗೆ ಲುಂಬಿನಿಯ ಮನಸ್ಸಿನ ಒಂದು ಮೂಲೆಯಲ್ಲಿ, ಅವನೇ ನೆನಪು ಮಾಡಿಕೊಂಡು ತಲೆ ತಗ್ಗಿಸಿದರೆ ಇಷ್ಟಕ್ಕೇ ಬಿಡೋಣ ಎಂಬ ಎಣಿಕೆ ಇತ್ತು. ಆ ಮಾತು ಕೇಳಿದ ಮೇಲೆ ಅದು ಉಳಿಯಲಿಲ್ಲ.

“ಬಂಡೆಯ ಕೆಳಗಿನ ಬೆಣೆಗಳನ್ನು ಯಾರೋ ಕಿತ್ತಿದ್ದಾರೆ” ಎಂದಳು. ದನಿ ಒಂಚೂರೂ ಬದಲಾಗಲಿಲ್ಲ. “ಬಂಡೆ ಬಿದ್ದಾಗ ಅವಳು ಮಲಗಿದ್ದಳು. ಮಲಗಿದ್ದಾಳೆಂದು ಗೊತ್ತಿದ್ದವರೇ ಕಿತ್ತಿದ್ದಾರೆ ಎನ್ನುತ್ತಾರೆ ಊರವರು.”

ಸಂತೋಷಕುಮಾರನಿಗೆ ಇಂಥದ್ದೇ ಬೇಕು. ದೊಡ್ಡ ಮಾತಾಡುವ ಸಂದರ್ಭ ಸಿಕ್ಕರೆ ಅವನಿಂದ ಬಿಡಲಾಗುವುದಿಲ್ಲ. ಅದು ಅವನ ಹಳೆಯ ಚಟ, ಲುಂಬಿನಿಗೆ ಚೆನ್ನಾಗಿ ಗೊತ್ತಿದ್ದ ಚಟ. ಅವನು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ರಣಮಲ್ಲನ ದನಿಯಲ್ಲಿ ಹೇಳಿದ: “ಮಲಗಿದ ಹೆಣ್ಣನ್ನು ಕೊಂದ ಹೇಡಿ ಯಾರೇ ಇರಲಿ, ಅವನನ್ನು ಅಗಸಿಗೆ ಎಳೆದು ತರುತ್ತೇನೆ. ಊರ ಮುಂದೆ ಅವನ ಬಾಯಿಂದಲೇ ತಪ್ಪು ಆಡಿಸುತ್ತೇನೆ. ಅವನು ಯಾವ ಗದ್ದುಗೆಯ ಮೇಲೆ ಕೂರುತ್ತಾನೋ ಅದರ ಮೇಲೆ ಅವನು ಮತ್ತೆ ಕೂರದಂತೆ ಮಾಡುತ್ತೇನೆ.”

“ಬರೀರಿ” ಎಂದು ಲುಂಬಿನಿ ಸುಣ್ಣದ ಬಿಲ್ಲೆ ಮುಂದೆ ಮಾಡಿದಳು. ಅವನು ಮೇಜಿನ ಅಂಚಿಗೆ ದುಂಡಗೆ ಬರೆದು, ಕೆಳಗೆ ತನ್ನ ಹೆಸರು ಹಾಕಿದ.

ಅಂಗಡಿಯಿಂದ ಹೊರಬಿದ್ದ ಮೇಲೆ ಸಮ್ರೀನ್ ಅವಳ ತೋಳು ಹಿಡಿದಳು. “ಲುಂಬಿ, ಏನ್ ಮಾಡ್ಲಿಕತ್ತಿ ನೀ?”

“ಕಥಿ ನಡಸಲಿಕತ್ತೀನಿ, ಆಪಾ.”

“ನನ್ನ ಕಣ್ಣಾಗ ನೋಡಿ ಹೇಳು.”

“ನಿನ್ನ ಸುಳ್ಳಿ ಮಾಡ್ಯಾನ ಅಂವ. ನಿನಗ ನೆನಪಿಲ್ಲೇನು?”

“ನೆನಪದ. ಆದ್ರ ನಾ ಅದರ ಮ್ಯಾಲೇ ಕುಂತಿಲ್ಲ” ಎಂದು ಸಮ್ರೀನ್ ಚಿತ್ತಾಪುರದ ರೈಲು ಹಿಡಿಯಲು ಹೋದಳು.

ನಂತರದ ವಾರಗಳಲ್ಲಿ ರಣಮಲ್ಲ ಕೊಲೆಗಾರನ ಬೆನ್ನು ಹತ್ತಿದ. ಲುಂಬಿನಿ ಸುಳುಹುಗಳನ್ನು ಒಂದೊಂದಾಗಿ ಬಿಟ್ಟಳು, ರಕ್ತ ಹನಿಹನಿಯಾಗಿ ನಳಿಕೆಗೆ ಇಳಿಯುವಂತೆ. ಯಾವುದನ್ನೂ ಅವನ ಮೇಲೆ ಹೇರಲಿಲ್ಲ. ಅವನೇ ಕೇಳಿದ, ಅವನೇ ದಾಳ ಉರುಳಿಸಿದ, ಅವನೇ ಹುಡುಕಿದ. ಕೊಲೆಗಾರ ಆ ಊರಿನಲ್ಲಿ ಕಥೆ ಹೇಳುವವನಂತೆ ಎಂದು ತಿಳಿಯಿತು. ಅವನ ಕಥೆ ಕೇಳಲು ಜನ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದರಂತೆ. ಸಂತೋಷಕುಮಾರ ಹುಬ್ಬು ಗಂಟಿಕ್ಕಿ, “ಅಂಥವಗ ಕೊಲ್ಲೋ ಗರಜ್ ಏನಿತ್ತು?” ಎಂದು ಕೇಳಿದ. ಲುಂಬಿನಿ ಗೊತ್ತಿಲ್ಲ ಎಂದಳು. ಅದು ಅವಳಿಗೂ ನಿಜವಾಗಿ ಗೊತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ರಣಮಲ್ಲ ಕೊಲೆಗಾರನ ಮನೆಗೆ ಬಂದ.

“ಮನೆ ಮಹಡಿಯ ಮೇಲಿದೆ” ಎಂದಳು ಲುಂಬಿನಿ. “ಮೆಟ್ಟಿಲ ಮೇಲೆ ಹಳದಿ ಧೂಳು. ಕಾಲಿಟ್ಟರೆ ಹೆಜ್ಜೆ ಮೂಡುತ್ತದೆ. ಕೆಳಗೆ ಯಾರೋ ತೊಗರಿ ಬೀಸುತ್ತಿದ್ದಾರೆ.”

ಸಂತೋಷಕುಮಾರನ ಕೈ ದಾಳದ ಮೇಲೆಯೇ ಉಳಿಯಿತು. ಶಿವಗಂಗಾ ನಗುತ್ತ, “ನಿಮ್ಮ ಮಿಲ್ಲ ಇದ್ದಂಗೇ ಅದಲ್ರಿ” ಎಂದಳು. ಬೇರೆ ಯಾರೂ ನಗಲಿಲ್ಲ.

“ಬಾಗಿಲಲ್ಲಿ ಒಬ್ಬಳು ನಿಂತಿದ್ದಾಳೆ. ಕೊಲೆಯ ದಿನ ಮುಂಜಾನೆ ಈ ಮನೆಗೆ ಸುದ್ದಿ ಮುಟ್ಟಿಸಿದವಳು. ಕೊಲೆಗಾರ ಅವಳನ್ನು ಸುಳ್ಳಿ ಎಂದು ಊರಿಗೆಲ್ಲ ಹೇಳಿದ್ದಾನೆ.” ಲುಂಬಿನಿ ಪಕ್ಕಕ್ಕೆ ತಿರುಗಿದಳು. “ಸಮ್ರೀನ್ ಆಪಾ, ಆಕಿ ಮಾತ ನೀನೇ ಆಡು.”

ಮಾಸ್ಟರ್ ಹೀಗೆ ಒಂದು ಸಣ್ಣ ಪಾತ್ರವನ್ನು ಆಡುವವರ ಕೈಗೆ ಕೊಡುವುದುಂಟು. ಆದರೆ ಮೊದಲೇ ಹೇಳಿರುತ್ತಾರೆ. ಸಮ್ರೀನ್‌ಗೆ ಯಾರೂ ಹೇಳಿರಲಿಲ್ಲ. ಅವಳು ಲುಂಬಿನಿಯನ್ನು ನೋಡಿದಳು, ಮೇಜನ್ನು ನೋಡಿದಳು. ಆಮೇಲೆ ಬಾಯಿಂದ ಬಂದದ್ದು ಪಾತ್ರದ ಮಾತಾಗಿರಲಿಲ್ಲ.

“ಮುಂಜಾನೆ ನಾ ಫೋನ್ ಮಾಡಿದ್ದೆ. ಲುಂಬಿನಿ ಅಪ್ಪ ಕಲ್ಲಿನ ಕೆಳಗ ಸಿಕ್ಕಾನ, ಆಕಿ ಬರಂಗಿಲ್ಲ ಅಂತ ಹೇಳಿದ್ದೆ. ‘ಹೌದಾ, ಆಯ್ತು’ ಅಂದಿದ್ರಿ ನೀವು.”

ಹೊರಗೆ ಒಂದು ಗೂಡ್ಸ್ ಗಾಡಿ ಸಿಮೆಂಟು ತುಂಬಿಕೊಂಡು ಹೋಗುತ್ತಿತ್ತು. ಮೇಜು ಸಣ್ಣಗೆ ನಡುಗುತ್ತಿತ್ತು.

“ಇದೇನ್ ನಡದದ ಇಲ್ಲಿ?” ಎಂದ ಸಂತೋಷಕುಮಾರ.

“ಆಟ” ಎಂದ ದೇವಿಂದ್ರ.

“ಅದು ಹಳೀದು. ಅದೂ ಆಟಾನೇ ಇತ್ತು.”

“ಇದೂ ಆಟಾನೇ” ಎಂದಳು ಲುಂಬಿನಿ. “ರಣಮಲ್ಲ ಏನ್ ಮಾಡ್ತಾನ?”

ಅವನು ಮೇಜಿನ ಅಂಚಿನ ಕಡೆ ನೋಡಿದ. ತನ್ನ ದುಂಡನೆಯ ಅಕ್ಷರ. “ಅದು ರಣಮಲ್ಲ ಕೊಟ್ಟ ಮಾತು, ನಂದಲ್ಲ.”

“ಜಾಮೀನ್ ನಿಮ್ದದ” ಎಂದ ದೇವಿಂದ್ರ. “ಹೆಸರ ಹಾಕೀರಿ. ನಾ ಆವತ್ತ ಸುಮ್ನ ಕುಂತಿದ್ದೆ ಸಂತೋಷಣ್ಣ. ಇವತ್ತ ಕುಂದ್ರಂಗಿಲ್ಲ.”

ಸಂತೋಷಕುಮಾರ ಎದ್ದು ಹೋಗಬಹುದಿತ್ತು. ಬಾಗಿಲು ಅವನ ಬೆನ್ನ ಹಿಂದೆಯೇ ಇತ್ತು. ಎದ್ದು ಹೋದರೆ ತಾನು ಕಾದದ್ದೆಲ್ಲ ಹೋಯಿತು ಎಂದು ಲುಂಬಿನಿಗೆ ಗೊತ್ತಿತ್ತು. ಆದರೆ ಎದ್ದು ಹೋದರೆ ರಣಮಲ್ಲ ಮಾತಿಗೆ ತಪ್ಪಿದವನಾಗುತ್ತಾನೆ. ಕುರುಡಿ ತಾಯಿಯ ಮಗ, ಅಗಸಿಯಲ್ಲಿ ಜನ ಎದ್ದು ನಿಲ್ಲುವ ಮನುಷ್ಯ. ಅವನನ್ನು ಹಾಗೆ ಬಿಟ್ಟುಹೋಗುವುದು ಸಂತೋಷಕುಮಾರನಿಗೆ ಆಗಲಿಲ್ಲ. ಲುಂಬಿನಿ ಅಷ್ಟು ತಿಂಗಳು ಸಾಕಿದ್ದು ಇದಕ್ಕೇ.

“ಗೊತ್ತಿತ್ತು” ಎಂದ.

“ಯಾರಿಗಿ?” ಎಂದಳು ಲುಂಬಿನಿ.

“ನನಗ.”

“ಏನ್ ಗೊತ್ತಿತ್ತು?”

ಅವನು ಅವಳ ಮುಖ ನೋಡಿದ. ಅಲ್ಲಿ ಬಿಡುವ ಲಕ್ಷಣ ಕಾಣಲಿಲ್ಲ. “ನಿಮ್ಮಪ್ಪಂದು. ಸಮ್ರೀನ್ ಫೋನ್ ಮಾಡಿದ್ಳು, ಖರೇ ಅದ. ಕಥಿ ಎಲ್ಲೋ ಸಿಕ್ಕೊಂಡ್ ನಿಂತಿತ್ತು. ಒಂದ್ ಸಾವ ಬೇಕಾಗಿತ್ತು ನನಗ. ಕಲ್ಲ ಅಂತ ಕಿವಿಗಿ ಬಿತ್ತು, ಶಿಲವ್ವನ ನೆನಪಾಯ್ತು. ಛಲೋ ಆಗ್ತದ ಅನಸ್ತು. ನಿಮ್ಮಪ್ಪ ತೀರ್ಕೋತಾರ ಅಂತ ಗೊತ್ತಿರಲಿಲ್ಲ. ಆಮ್ಯಾಲ ಸಮ್ರೀನ್ ಕೇಳಿದಾಗ ಬಾಯಿಗಿ ಸುಳ್ಳ ಬಂತು. ಮಾಫ್ ಮಾಡು ಲುಂಬಿನಿ.”

ಸಮ್ರೀನ್ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಇಷ್ಟು ವರ್ಷ ಅವಳು ಹೊತ್ತದ್ದು ಇಳಿದಂತೆ ಕಂಡಿತು. ಲುಂಬಿನಿಗೆ ಏನೂ ಇಳಿಯಲಿಲ್ಲ. ಅಪ್ಪನ ಸಾವಿಗೆ ಇವನು ಕಟ್ಟಿದ ಬೆಲೆ ಒಂದು ಛಲೋ ಸೀನ್ ಅಷ್ಟೇ ಎಂದು ಈಗ ಅವನ ಬಾಯಿಂದಲೇ ಕೇಳಿದಂತಾಯಿತು. ಸಿಟ್ಟು ಮೊದಲಿಗಿಂತ ತಣ್ಣಗೆ, ಗಟ್ಟಿಯಾಗಿ ಕೂತಿತು.

“ಮಾಫಿ ಅಂತ ಮೇಜಿನ ಮ್ಯಾಲ ಎಲ್ಲೂ ಬರದಿಲ್ಲ” ಎಂದಳು. “ಬಾಯಿಂದ ಆಡಸೋದು ಆಯ್ತು. ಇನ್ನ ಗದ್ದಿಗಿ ಉಳದದ.”

“ಅಂದ್ರ?”

“ನೀವು ಕುಂದ್ರೋದು ಮಾಸ್ಟರ್ ಕುರ್ಚಿ ಮ್ಯಾಲ. ಇನ್ನ ಕುಂದ್ರಬ್ಯಾಡ್ರಿ.”

ಶಿವಗಂಗಾ ಗಾಬರಿಯಿಂದ ಒಬ್ಬರ ಮುಖ ಆದ ಮೇಲೆ ಒಬ್ಬರ ಮುಖ ನೋಡಿದಳು. “ಮತ್ತ ನಮ್ಮ ಸೇಡಂ ಮೇಜು?”

“ನಾ ಬಂದು ನಡಸ್ತೀನಿ. ಕೋಣಿ ಅದಲ್ಲ, ಮಿಲ್ಲಿನ ಮ್ಯಾಲ.”

ಸಂತೋಷಕುಮಾರ ತನ್ನ ದಾಳಗಳನ್ನು ಚೀಲಕ್ಕೆ ಹಾಕಿಕೊಂಡ. ಒಂದು ಕೆಳಗೆ ಬಿತ್ತು. ದೇವಿಂದ್ರ ಬಗ್ಗಿ ಎತ್ತಿ ಕೊಟ್ಟ. “ಆಯ್ತು” ಎಂದು ಹೇಳಿ ಸಂತೋಷಕುಮಾರ ಸ್ಟೇಷನ್ನಿನ ಕಡೆ ನಡೆದ. ಶಿವಗಂಗಾ ಅವನ ಹಿಂದೆ ಹೋದಳು, ದೇವಿಂದ್ರನೂ ತನ್ನ ರೈಲಿಗೆ ಹೊರಟ.

ಸಮ್ರೀನ್ ಮಾತ್ರ ಉಳಿದಳು. “ಆ ಮಾತ ನನ್ನ ಬಾಯಾಗ ಹಾಕಬಾರದಿತ್ತು ನೀನು. ಮೊದಲ ಹೇಳಬೇಕಿತ್ತು.”

“ಹೇಳಿದ್ರ ನೀ ಬ್ಯಾಡ ಅಂತಿದ್ದಿ.”

“ಅಂತಿದ್ದೆ. ಅದಕ್ಕೇ ಹೇಳಬೇಕಿತ್ತು. ನೀ ಇಷ್ಟ ದಿನ ಅವನ ಜೋಡಿ ನಮ್ಮನ್ನೂ ಆಡಸಿದಿ, ಲುಂಬಿ. ಅಂವ ಮಾಡಿದ್ದಕ್ಕೂ ಇದಕ್ಕೂ ಫರಕ್ ಎಷ್ಟದ ಅಂತ ನನಗ ಈಗ ಹೇಳ್ಲಿಕ್ಕ ಬರಂಗಿಲ್ಲ.”

ಲುಂಬಿನಿಗೆ ತಾನು ಮಾಡಿದ್ದು ತಪ್ಪು ಎಂದು ಅನ್ನಿಸಿತು. ಮತ್ತೊಮ್ಮೆ ಅವಕಾಶ ಸಿಕ್ಕರೆ ಹೀಗೆಯೇ ಮಾಡುತ್ತೇನೆ ಎಂದೂ ಅನ್ನಿಸಿತು. ಸಮ್ರೀನ್ ಮುಂದಿನ ಕೆಲವು ಭಾನುವಾರ ಬರಲಿಲ್ಲ. ಬಂದ ಮೇಲೂ ಮೊದಲಿನಂತೆ ಲುಂಬಿನಿಯ ಪಕ್ಕದಲ್ಲಿ ಕೂರದೆ ಎದುರು ಬದಿಯಲ್ಲಿ ಕೂರುತ್ತಾಳೆ. ಲುಂಬಿನಿ ಅದನ್ನು ಕಂಡೂ ಕೇಳುವುದಿಲ್ಲ.

ಈಗ ತಿಂಗಳಿಗೊಮ್ಮೆ ಅವಳು ಶನಿವಾರ ಮಧ್ಯಾಹ್ನ ಸೇಡಂಗೆ ಹೋಗುತ್ತಾಳೆ. ಮಿಲ್ಲಿನ ಮೆಟ್ಟಿಲು ಹತ್ತಿ ಅದೇ ಕೋಣೆಯಲ್ಲಿ, ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ಶಿವಗಂಗಾ ಮತ್ತು ಅವಳ ಗೆಳತಿಯರು ಸುತ್ತ ಕೂರುತ್ತಾರೆ. ಕಥೆ ನಡೆಸುವುದನ್ನು ಶಿವಗಂಗಾ ಬೇಗ ಕಲಿಯುತ್ತಿದ್ದಾಳೆ. ಸಂತೋಷಕುಮಾರ ಕೊಟ್ಟ ಮಾತಿಗೆ ತಪ್ಪಲಿಲ್ಲ. ಮೂಲೆಯ ಕುರ್ಚಿಯಲ್ಲಿ ಕೂತು ರಣಮಲ್ಲನನ್ನು ಆಡುತ್ತಾನೆ, ತನ್ನ ಸರದಿ ಬರುವ ತನಕ ಬಾಯಿ ತೆರೆಯುವುದಿಲ್ಲ. ಲುಂಬಿನಿ ಅವನಿಗೆ ಸರದಿ ತಪ್ಪಿಸಿದ್ದಿಲ್ಲ. ಎಲ್ಲರನ್ನೂ ಕೇಳಿದ ಮೇಲೆ ಅವನನ್ನು ಕೇಳುತ್ತಾಳೆ, ಅಷ್ಟೆ.

ಹೋದ ತಿಂಗಳು ಆಟ ಮುಗಿದು ಎಲ್ಲರೂ ಇಳಿದುಹೋದ ಮೇಲೆ ಅವನು ಕುರ್ಚಿ ಜೋಡಿಸುತ್ತ ನಿಂತಿದ್ದ. ಅವಳು ಚೀಲ ಹೆಗಲಿಗೆ ಹಾಕಿಕೊಂಡಳು.

“ಒಂದ್ ಕೇಳ್ಲ್ಯಾ” ಎಂದ. “ಇದು ಎಷ್ಟ ದಿನ? ನಾ ಮಾತ ಕೊಡೋವಾಗ ದಿನಾ ಹೇಳಿರಲಿಲ್ಲ.”

“ಇಲ್ಲ, ಹೇಳಿರಲಿಲ್ಲ.”

“ಹಂಗಾದ್ರ ನೀನೇ ಹೇಳು.”

“ನಮ್ಮಪ್ಪ ಎದ್ದ ಬಂದ ದಿನ ಕುಂದ್ರಿ” ಎಂದಳು ಲುಂಬಿನಿ.

ಅವಳು ಮೆಟ್ಟಿಲಿಳಿದು ಬಂದಾಗ ಮಿಲ್ಲಿನ ಬಾಗಿಲಲ್ಲಿ ಶಿವಗಂಗಾ ಕಾಯುತ್ತಿದ್ದಳು. ಮುಂದಿನ ಸಲ ತಾನೇ ಕಥೆ ನಡೆಸಿ ನೋಡಬಹುದೇ ಎಂದು ಕೇಳಿದಳು. “ನಡಸ್ರಿ” ಎಂದಳು ಲುಂಬಿನಿ. “ಯಾರ್ ಮೆತ್ತಗ ಮಾತಾಡ್ತಾರ, ಅವರ್ನ ಮೊದಲ ಕೇಳ್ರಿ.” ಇಬ್ಬರೂ ಮಾತಾಡುತ್ತ ಸ್ಟೇಷನ್ನಿನ ದಾರಿ ಹಿಡಿದರು.